‘ಪ್ಶ್‌’ ಸೌಂಡ್‌ಗೆ ವಾಲ್ವ್ ಹಾಕ್ಸಿದ್ದೀರಾ? ‘ಟರ್ಬೊ ಹೋಯ್ತು’ ಅಂದ್ರೆ ಒಪ್ಪೋ ಮೊದಲು ಇಷ್ಟು ಚೆಕ್ ಮಾಡಿ

ಚಿಕ್ಕಮಗಳೂರು: ರ‍್ಯಾಲಿ ನಡೆಯೋ ಊರು ನಮ್ಮದು. ಹಾಗಾಗಿ ಕಾರಿನ ಹುಚ್ಚು ಇಲ್ಲಿ ಸ್ವಲ್ಪ ಜಾಸ್ತಿನೇ. ಟರ್ಬೊ ಪೆಟ್ರೋಲ್ ಕಾರು ತಗೊಂಡ ಹುಡುಗರು ಮೊದಲು ಕೇಳೋದು ಬ್ಲೋ ಆಫ್ ವಾಲ್ವ್. ಗೇರ್ ಬದಲಿಸುವಾಗ ‘ಪ್ಶ್‌’ ಅನ್ನೋ ಸೌಂಡ್ ಬರುತ್ತಲ್ಲ, ಅದೇ. ಆನ್‌ಲೈನಲ್ಲಿ ತರಿಸಿ, ಹೊರಗಡೆ ಗ್ಯಾರೇಜಲ್ಲಿ ಹಾಕಿಸ್ತಾರೆ. ಕೆಲವು ದಿನ ಆದ್ಮೇಲೆ ಪಿಕಪ್ ಇಲ್ಲ, ಸಿಗ್ನಲ್‌ನಲ್ಲಿ ಆಫ್ ಆಗುತ್ತೆ, ಕಪ್ಪು ಹೊಗೆ ಬರುತ್ತೆ ಅಂತ ತಲೆನೋವು ಶುರು. ಗ್ಯಾರೇಜಿಗೆ ಹೋದ್ರೆ ‘ಟರ್ಬೊ ಹೋಗಿದೆ’ ಅನ್ನೋ ಮಾತು ಬರಬಹುದು. ಟರ್ಬೊ ಬದಲಿಸೋದು ಅಂದ್ರೆ ಹತ್ತಾರು ಸಾವಿರದ ಬಾಬ್ತು. ಆದರೆ ಇದೇ ಲಕ್ಷಣಗಳು ಒಂದು ಸಣ್ಣ ಪೈಪ್ ಬಿರುಕು ಬಿಟ್ಟರೂ ಬರುತ್ತವೆ. ಎಲ್ಲಿಂದ ಹುಡುಕಬೇಕು ಅನ್ನೋದು ಇಲ್ಲಿದೆ.

ಈ ವಾಲ್ವ್ ಮಾಡೋ ಕೆಲಸ ಏನು?

ಟರ್ಬೊ ಗಾಳಿಯನ್ನ ಒತ್ತಿ ಎಂಜಿನ್‌ಗೆ ಕಳಿಸುತ್ತೆ. ನೀವು ಎಕ್ಸಲರೇಟರ್‌ನಿಂದ ಕಾಲು ತೆಗೆದ ತಕ್ಷಣ ಥ್ರಾಟಲ್ ಬಾಗಿಲು ಮುಚ್ಚಿಕೊಳ್ಳುತ್ತೆ. ಅಷ್ಟೊತ್ತಿಗೆ ಪೈಪಲ್ಲಿ ತುಂಬಿರೋ ಗಾಳಿಗೆ ದಾರಿ ಇಲ್ಲದೆ, ತಿರುಗಿ ಟರ್ಬೊ ಫ್ಯಾನ್‌ಗೇ ಹೊಡೆಯುತ್ತೆ. ಹಾಗಾಗದಂತೆ ಗಾಳಿಗೆ ದಾರಿ ಬಿಡೋದೇ ಈ ವಾಲ್ವ್.

ಕಂಪನಿಯಿಂದ ಬರೋ ವಾಲ್ವ್ ಆ ಗಾಳಿಯನ್ನ ವಾಪಸ್ ಟರ್ಬೊದ ಹಿಂದಿನ ಪೈಪ್‌ಗೆ ಕಳಿಸುತ್ತೆ, ಅದಕ್ಕೇ ಸೌಂಡ್ ಕಮ್ಮಿ. ಸೌಂಡ್‌ಗೋಸ್ಕರ ಹಾಕಿಸೋ ವಾಲ್ವ್ ಅದನ್ನ ಹೊರಗೆ ಬಿಡುತ್ತೆ. ತೊಂದರೆ ಶುರುವಾಗೋದು ಇಲ್ಲೇ. ಏರ್ ಫಿಲ್ಟರ್ ಪಕ್ಕ ಮಾಸ್ ಏರ್‌ಫ್ಲೋ ಸೆನ್ಸರ್ ಇರೋ ಕಾರುಗಳಲ್ಲಿ, ಒಳಗೆ ಬಂದ ಗಾಳಿಯನ್ನ ಮೊದಲೇ ಅಳತೆ ಮಾಡಿ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತೆ ಎಂಜಿನ್ ಕಂಪ್ಯೂಟರ್. ಅಳತೆ ಆದ ಗಾಳಿ ಹೊರಗೆ ಹೋದ್ರೆ ಪೆಟ್ರೋಲ್ ಜಾಸ್ತಿ ಆಗುತ್ತೆ. ಮ್ಯಾನಿಫೋಲ್ಡ್ ಒತ್ತಡ ನೋಡಿ ಲೆಕ್ಕ ಹಾಕೋ ಕಾರುಗಳಲ್ಲಿ ಈ ಕಾಟ ಕಮ್ಮಿ. ನಿಮ್ಮ ಕಾರು ಯಾವ ಥರದ್ದು ಅಂತ ಮೊದಲು ತಿಳ್ಕೊಳ್ಳಿ.

ಲಕ್ಷಣ ನೋಡಿ ಕಾರಣ ಹುಡುಕಿ

*ಗೇರ್ ಬದಲಿಸುವಾಗ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಎಂಜಿನ್ ಆಫ್ ಆಗೋದು:* ಮೇಲೆ ಹೇಳಿದ ಅಳತೆ ತಪ್ಪೋ ಸಮಸ್ಯೆ. ಸ್ಪ್ರಿಂಗ್ ಬಿಗಿ ಮಾಡಿದ್ರೆ ಇದು ಹೋಗಲ್ಲ. ಗಾಳಿಯನ್ನ ವಾಪಸ್ ಪೈಪ್‌ಗೆ ಕಳಿಸೋ ಥರದ ವಾಲ್ವ್ ಹಾಕಿಸೋದೇ ದಾರಿ.

*ನಿಂತಾಗ ಆರ್‌ಪಿಎಂ ಏರಿಳಿತ:* ಸ್ಪ್ರಿಂಗ್ ತೀರಾ ಸಡಿಲ ಇದ್ದು ವಾಲ್ವ್ ಪೂರ್ತಿ ಮುಚ್ಚಿಲ್ಲ ಅಂತ ಅರ್ಥ. ಆಗ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಅದು ಫಿಲ್ಟರ್ ಆಗದ ಗಾಳಿ. ಎಸ್ಟೇಟ್ ರಸ್ತೆಯ ಕೆಂಪು ಧೂಳು ಸೀದಾ ಎಂಜಿನ್‌ಗೇ ಹೋಗುತ್ತೆ, ಇದನ್ನ ತಾತ್ಸಾರ ಮಾಡಬೇಡಿ.

*ಕಾಲು ತೆಗೆದಾಗ ‘ಪ್ಶ್‌’ ಬದಲು ‘ಸ್ತುತುತು’:* ಕಡಿಮೆ ವೇಗದಲ್ಲಿ ಸಣ್ಣಗೆ ಬಂದ್ರೆ ಗಾಬರಿ ಬೇಡ. ಜೋರಾಗಿ ಓಡಿಸುವಾಗ ಜೋರಾಗೇ ಬಂದ್ರೆ ಸ್ಪ್ರಿಂಗ್ ತೀರಾ ಬಿಗಿ ಇರಬಹುದು, ವಾಲ್ವ್ ಅಂಟಿಕೊಂಡಿರಬಹುದು, ಇಲ್ಲಾ ವ್ಯಾಕ್ಯೂಮ್ ಪೈಪ್ ಮಡಚಿಕೊಂಡಿರಬಹುದು. ಕೇಳೋಕೆ ಚೆನ್ನಾಗಿದೆ ಅಂತ ಬಿಟ್ರೆ ಪೆಟ್ಟು ಬೀಳೋದು ಟರ್ಬೊಗೆ.

*ಪಿಕಪ್ ಇಲ್ಲ, ಎಕ್ಸಲರೇಟರ್ ಒತ್ತಿದಾಗ ‘ಸ್ಸ್’ ಅನ್ನೋ ಸದ್ದು:* ಗಾಳಿ ಸೋರ್ತಿದೆ. ಕ್ಲಾಂಪ್ ಸಡಿಲ, ಓ-ರಿಂಗ್ ಹೋಗಿದೆ, ಇಲ್ಲವೇ ಒಳಗಿನ ಡಯಾಫ್ರಾಮ್ ಹರಿದಿದೆ.

ಚೆಕ್ ಮಾಡೋ ಕ್ರಮ

ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗೋಕೆ ಬಿಡಿ. ಟರ್ಬೊ ಸುತ್ತಮುತ್ತ ಕೈ ಸುಡುವಷ್ಟು ಬಿಸಿ ಇರುತ್ತೆ.

1. ಮೊದಲು ನೋಡಬೇಕಾದ್ದು ವಾಲ್ವ್ ತಲೆಗೆ ಬರೋ ತೆಳ್ಳನೆ ವ್ಯಾಕ್ಯೂಮ್ ಪೈಪ್. ಬಿರುಕು, ಮಡಿಕೆ, ಸಡಿಲ ಇದೆಯಾ ನೋಡಿ. ಅದು ಥ್ರಾಟಲ್ ಆದ್ಮೇಲಿನ ಮ್ಯಾನಿಫೋಲ್ಡ್‌ನಿಂದಲೇ ಬರಬೇಕು. ಥ್ರಾಟಲ್‌ಗೆ ಮುಂಚೆ ಕನೆಕ್ಷನ್ ಕೊಟ್ಟಿದ್ರೆ ವಾಲ್ವ್ ಸರಿಯಾಗಿ ತೆರೆಯಲ್ಲ. ಬ್ರೇಕ್ ಬೂಸ್ಟರ್ ಪೈಪ್‌ನಿಂದ ಟೀ ಹಾಕಿ ತಗೊಂಡಿದ್ರೆ ತೆಗೆಸಿಬಿಡಿ, ಅಲ್ಲಿ ಸೋರಿಕೆ ಆದ್ರೆ ಬ್ರೇಕ್ ಗಟ್ಟಿಯಾಗುತ್ತೆ.

2. ಎಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ವಾಲ್ವ್ ಬಾಯಿ ಹತ್ರ ತೆಳ್ಳನೆ ಕಾಗದದ ಚೂರು ಹಿಡಿದು ನೋಡಿ. ಒಳಕ್ಕೆ ಎಳೆದ್ರೆ ವಾಲ್ವ್ ತೆರೆದೇ ಇದೆ. ಮೇಲೆ ಸ್ಕ್ರೂ ಇದ್ರೆ ಒಂದು ಸಲಕ್ಕೆ ಅರ್ಧ ಸುತ್ತು ಮಾತ್ರ ಬಿಗಿ ಮಾಡಿ, ಓಡಿಸಿ ನೋಡಿ, ಆಮೇಲೆ ಮತ್ತೆ ಅರ್ಧ ಸುತ್ತು. ಕೈ ಮತ್ತು ಬಟ್ಟೆ ಬೆಲ್ಟ್, ಫ್ಯಾನ್‌ನಿಂದ ದೂರ ಇರಲಿ.

3. ಗ್ಯಾರೇಜಲ್ಲಿ ಕೈ ವ್ಯಾಕ್ಯೂಮ್ ಪಂಪ್ ಇದ್ರೆ ವಾಲ್ವ್ ತಲೆಗೆ ಹಾಕಿ ಎಳೆಸಿ. ವಾಲ್ವ್ ತೆರೆಯಬೇಕು, ಮೀಟರ್ ಮುಳ್ಳು ನಿಂತಲ್ಲೇ ನಿಲ್ಲಬೇಕು. ಮುಳ್ಳು ಇಳಿದ್ರೆ ಡಯಾಫ್ರಾಮ್ ಅಥವಾ ಒಳಗಿನ ಸೀಲ್ ಹೋಗಿದೆ.

4. ಪೈಪ್‌ಗಳಲ್ಲಿ ಸೋರಿಕೆ ಹುಡುಕೋಕೆ ಲೀಕ್ ಟೆಸ್ಟ್ ಮಾಡಿಸಿ. ಹೊಗೆ ಬಿಟ್ಟು ನೋಡೋದು ಸುಲಭ. ಗಾಳಿ ಹಾಕಿ ಸೋಪ್ ನೀರು ಹಚ್ಚೋದಾದ್ರೆ ರೆಗ್ಯುಲೇಟರ್ ಇರಲೇಬೇಕು. ಪಂಕ್ಚರ್ ಅಂಗಡಿ ಕಂಪ್ರೆಸರ್‌ನಿಂದ ಸೀದಾ ಬಿಟ್ರೆ ಸೀಲುಗಳು ಕಿತ್ತುಹೋಗುತ್ತವೆ.

5. ಸ್ಕ್ಯಾನರ್ ಹಾಕಿಸಿ. ಪಿ0299 ಬಂದ್ರೆ ಟರ್ಬೊ ಒತ್ತಡ ಸಾಲ್ತಿಲ್ಲ ಅಂತ, ಪಿ0171 ಅಂದ್ರೆ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ, ಪಿ0172 ಅಂದ್ರೆ ಅದಕ್ಕೆ ಉಲ್ಟಾ. ಪಿ0299 ಬಂದ ಮಾತ್ರಕ್ಕೆ ಟರ್ಬೊ ಹೋಯ್ತು ಅಂತ ಅಲ್ಲ, ಪೈಪ್ ಸೋರಿದ್ರೂ ಇದೇ ಕೋಡ್ ಬರುತ್ತೆ.

6. ಕೊನೇದು, ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ: ಕಂಪನಿ ವಾಲ್ವನ್ನೇ ವಾಪಸ್ ಹಾಕಿ ಒಂದೆರಡು ದಿನ ಓಡಿಸಿ. ಸಮಸ್ಯೆ ಹೋದ್ರೆ ಟರ್ಬೊ ತಂಟೆಗೆ ಹೋಗಬೇಕಿಲ್ಲ. ಹೋಗದಿದ್ರೆ, ಟರ್ಬೊ ಶಾಫ್ಟ್ ಆಟ, ಆಯಿಲ್ ಸೋರಿಕೆ ನೋಡಿ ಅಂತ ಆಗ ಹೇಳಿ. ಅದಕ್ಕೇ, ಬಿಚ್ಚಿದ ಹಳೇ ವಾಲ್ವನ್ನ ಗ್ಯಾರೇಜಲ್ಲೇ ಬಿಟ್ಟು ಬರಬೇಡಿ.

ಘಾಟಿಯಲ್ಲಿ ಆಫ್ ಆದ್ರೆ?

ಟೌನಲ್ಲಿ ಎಂಜಿನ್ ಆಫ್ ಆದ್ರೆ ಹಿಂದಿನವರು ಹಾರ್ನ್ ಹೊಡೀತಾರೆ ಅಷ್ಟೇ. ಚಾರ್ಮಾಡಿ ಇಳಿಯುವಾಗ ತಿರುವಲ್ಲಿ ಆಫ್ ಆದ್ರೆ ಸ್ಟೇರಿಂಗ್ ಭಾರವಾಗುತ್ತೆ, ಬ್ರೇಕ್ ಒಂದೆರಡು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತೆ. ಪದೇ ಪದೇ ಆಫ್ ಆಗೋ ಗಾಡಿಯನ್ನ ಸರಿ ಮಾಡಿಸದೆ ಘಾಟಿಗೆ ಇಳಿಸಬೇಡಿ.

ಕಾನೂನು, ವಾರಂಟಿ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿ ನಂತರ ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಬೀಳಬಹುದು. ವಾರಂಟಿಯಲ್ಲಿರೋ ಕಾರಾದ್ರೆ ಎಂಜಿನ್ ಕ್ಲೇಮ್‌ಗೂ ತಕರಾರು ಬರಬಹುದು.

ಇನ್ನು ಡೀಸೆಲ್ ಗಾಡಿಯವರಿಗೆ ಒಂದು ಮಾತು. ಪೆಟ್ರೋಲ್ ಎಂಜಿನ್ ಥರ ಥ್ರಾಟಲ್ ಮುಚ್ಚಿ ಓಡೋ ಪದ್ಧತಿ ಡೀಸೆಲ್‌ನಲ್ಲಿ ಇಲ್ಲ, ಹಾಗಾಗಿ ಸಾಮಾನ್ಯವಾಗಿ ಈ ವಾಲ್ವ್ ಬೇಕಾಗಿಯೇ ಇಲ್ಲ. ಡೀಸೆಲ್‌ಗೆ ಅಂತ ಮಾರೋ ಕಿಟ್‌ನಿಂದ ಸಿಗೋದು ಬರೀ ಸೌಂಡ್. ಅದೇ ದುಡ್ಡಲ್ಲಿ ಆಯಿಲ್, ಏರ್ ಫಿಲ್ಟರ್ ಬದಲಿಸಿದ್ರೆ ಟರ್ಬೊ ಜಾಸ್ತಿ ದಿನ ಬಾಳುತ್ತೆ.