ಮೀನು–ತರಕಾರಿ ಜೋಡಿ ಕೃಷಿ: ಅನುಮೋದನೆಗೆ ಮುನ್ನ ಸದಸ್ಯರು ಅರಿಯಬೇಕಾದ ಅಂಶಗಳು

ಸಿರವಾರ ಭಾಗದ ಅನೇಕ ಗ್ರಾಮಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿವೆ. ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತ ಮೇಲೆ ತರಕಾರಿಗೆ ಕೊಳವೆಬಾವಿ ಅಥವಾ ಕೃಷಿ ಹೊಂಡವೇ ಆಧಾರ. ಆದ್ದರಿಂದ ಅಲ್ಪ ನೀರಿನಲ್ಲಿ ಮೀನು ಮತ್ತು ತರಕಾರಿಗಳನ್ನು ಒಟ್ಟಿಗೆ ಬೆಳೆಯುವ ಅಕ್ವಾಪೋನಿಕ್ಸ್ ಪದ್ಧತಿಯು ಸ್ವಸಹಾಯ ಸಂಘಗಳ ಗಮನ ಸೆಳೆಯುವುದು ಸಹಜ. ಇಂತಹ ಪ್ರಸ್ತಾವನೆಯು ಪಂಚಾಯಿತಿಯ ಮುಂದೆ ಬಂದಾಗ ಅದರ ಲಾಭದಷ್ಟೇ ಅಪಾಯವನ್ನೂ ತೂಗಿ ನೋಡುವುದು ಸದಸ್ಯರ ಹೊಣೆಯಾಗಿರುತ್ತದೆ.

ಕಾರ್ಯವಿಧಾನ: ತೊಟ್ಟಿಯಲ್ಲಿನ ಮೀನುಗಳು ವಿಸರ್ಜಿಸುವ ಅಮೋನಿಯಾ ಮೀನಿಗೇ ವಿಷ. ಜಲ್ಲಿ ತುಂಬಿದ ಪಾತಿಯಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ನೈಟ್ರೇಟ್ ಗಿಡಗಳಿಗೆ ಗೊಬ್ಬರ. ಗಿಡಗಳು ಅದನ್ನು ಹೀರಿಕೊಂಡ ಬಳಿಕ ನೀರು ಮರಳಿ ತೊಟ್ಟಿ ಸೇರುತ್ತದೆ. ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು; ಅದಕ್ಕೂ ಮೊದಲೇ ತೊಟ್ಟಿ ತುಂಬ ಮೀನು ಬಿಟ್ಟರೆ ನಷ್ಟ ಖಚಿತ.

ಪರಿಶೀಲಿಸಬೇಕಾದ ಅಂಶಗಳು:

1. ವಿದ್ಯುತ್. ಪಂಪ್ ಹಾಗೂ ಗಾಳಿಯಂತ್ರ ಹಗಲಿರುಳು ನಡೆಯಬೇಕು. ಮೀನು ದಟ್ಟವಾಗಿರುವ ತೊಟ್ಟಿಯಲ್ಲಿ ಗಾಳಿ ನಿಂತರೆ ಕೆಲವೇ ಗಂಟೆಗಳಲ್ಲಿ ಮೀನುಗಳು ಸಾಯಬಹುದು. ಬೇಸಿಗೆಯಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಬ್ಯಾಟರಿ ಅಥವಾ ಸೌರ ವ್ಯವಸ್ಥೆಯ ವೆಚ್ಚ ಅಂದಾಜುಪಟ್ಟಿಯಲ್ಲಿ ಇರಲೇಬೇಕು.

2. ಆಹಾರದ ಖರ್ಚು. ಸೊಪ್ಪಿನ ಪಾತಿಯ ಪ್ರತಿ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಬೇಕೆಂಬುದು ಸಾಮಾನ್ಯ ಲೆಕ್ಕ. 10 ಚದರ ಮೀಟರ್ ಪಾತಿಗೆ ತಿಂಗಳಿಗೆ 12ರಿಂದ 15 ಕಿಲೋ ಆಗುತ್ತದೆ. ಸಹಾಯಧನ ಒಮ್ಮೆ ದೊರೆಯುವಂತಹುದು. ಈ ಖರ್ಚು ಪ್ರತಿ ತಿಂಗಳದ್ದು.

3. ನೀರು ಮತ್ತು ಔಷಧ. ಕೊಳವೆಬಾವಿ ನೀರಿನ ಲವಣಾಂಶವನ್ನು ಮೊದಲೇ ಪರೀಕ್ಷಿಸಬೇಕು. ಪಾತಿಗೆ ಕೀಟನಾಶಕ ಸಿಂಪಡಿಸುವಂತಿಲ್ಲ. ಪಕ್ಕದ ಹತ್ತಿ ಅಥವಾ ಮೆಣಸಿನಕಾಯಿ ಹೊಲದಿಂದ ಗಾಳಿಯಲ್ಲಿ ತೇಲಿಬರುವ ಔಷಧವೂ ಮೀನಿಗೆ ಮಾರಕ.

ಸರಳ ಮಾರ್ಗ: ಈ ಮೂರರಲ್ಲಿ ಒಂದಕ್ಕೂ ತೃಪ್ತಿಕರ ಉತ್ತರ ದೊರೆಯದಿದ್ದಲ್ಲಿ, ಈಗಾಗಲೇ ಇರುವ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ಬಿಟ್ಟು, ಅದೇ ನೀರನ್ನು ತರಕಾರಿಗೆ ಹಾಯಿಸುವುದು ಸೂಕ್ತ. ನೀರಿನ ಹರವಿನ ಪ್ರತಿ ಚದರ ಮೀಟರಿಗೆ ಒಂದಕ್ಕಿಂತ ಹೆಚ್ಚು ಮರಿ ಬಿಡದಿದ್ದರೆ ಸಾಮಾನ್ಯವಾಗಿ ಗಾಳಿಯಂತ್ರದ ಅಗತ್ಯ ಬೀಳದು. ಆದರೆ ಕನಿಷ್ಠ ಒಂದು ಮೀಟರ್ ನೀರನ್ನು ಮೀನಿಗಾಗಿ ಉಳಿಸಿಕೊಳ್ಳಬೇಕು. ಹೊಂಡದ ಸುತ್ತ ತಂತಿಬೇಲಿ ಕಡ್ಡಾಯವಾಗಿ ಇರಬೇಕು. ಪ್ಲಾಸ್ಟಿಕ್ ಹಾಳೆಯ ಇಳಿಜಾರಿನಲ್ಲಿ ಜಾರಿದ ಮಗು ಮೇಲೇರಲಾರದು.

ನೆರವು: 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಫಲಾನುಭವಿ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60 ಸಹಾಯಧನವನ್ನು ನಿಗದಿಪಡಿಸಲಾಗಿದೆ. ಬಯೋಫ್ಲಾಕ್ ಮತ್ತು ನೀರು ಮರುಬಳಕೆ ಘಟಕಗಳು ಈ ಯೋಜನೆಯಲ್ಲಿವೆ. ಅವು ಅಕ್ವಾಪೋನಿಕ್ಸ್ ಅಲ್ಲ. ಆದ್ದರಿಂದ ಮಾರಾಟಗಾರರ ಮಾತನ್ನು ನಂಬದೆ, ಪ್ರಸ್ತಾಪಿತ ಘಟಕಕ್ಕೆ ಸಹಾಯಧನ ಲಭ್ಯವೇ ಎಂಬುದನ್ನು ಮೀನುಗಾರಿಕೆ ಇಲಾಖೆಯಿಂದ ಲಿಖಿತವಾಗಿ ಪಡೆಯಬೇಕು.

ಉಳಿದ ವೆಚ್ಚಕ್ಕೆ ಸಂಘದ ಮಹಿಳೆಯರು ಸಾಲ ಪಡೆಯುತ್ತಾರೆ. ಮೀನು ಸತ್ತರೂ ಸಾಲದ ಕಂತು ನಿಲ್ಲದು. ಆದಕಾರಣ ಮೇಲಿನ ಅಂಶಗಳ ಉತ್ತರಗಳನ್ನು ಗ್ರಾಮಸಭೆಯಲ್ಲಿ ಓದಿ, ನಡವಳಿಯಲ್ಲಿ ದಾಖಲಿಸಿದ ನಂತರವೇ ಪ್ರಸ್ತಾವನೆಯನ್ನು ಮುಂದಕ್ಕೆ ಕಳುಹಿಸುವುದು ಒಳಿತು.