ವಲಸೆಯ ಜಮಾ-ಖರ್ಚು

ಮಗನನ್ನು ಅಮೆರಿಕಕ್ಕೆ ಕಳುಹಿಸಲು ವಿದ್ಯಾಸಾಲದ ಪತ್ರಕ್ಕೆ ಸಹಿ ಹಾಕುವ ತಂದೆಯ ಕೈ ಈಚೆಗೆ ನಡುಗುವುದನ್ನು ಬ್ಯಾಂಕಿನಲ್ಲಿ ಕಂಡಿದ್ದೇನೆ. 1965ರಲ್ಲಿ ರಾಷ್ಟ್ರಮೂಲದ ಕೋಟಾ ಪದ್ಧತಿಯನ್ನು ರದ್ದುಗೊಳಿಸಿದ ಆ ದೇಶವು 2025ರ ಸೆಪ್ಟೆಂಬರಿನಲ್ಲಿ ಎಚ್‌-1ಬಿ ವೀಸಾದ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಆಸ್ಕರ್ ಅಕಾಡೆಮಿಯು 2020ರಲ್ಲಿ ಅತ್ಯುತ್ತಮ ಚಿತ್ರದ ಅರ್ಹತೆಗೆ ವೈವಿಧ್ಯದ ನಿಯಮಗಳನ್ನು ಸಾರಿತ್ತು. ಮೆಟಾ ಸಂಸ್ಥೆಯಾದರೋ 2025ರ ಜನವರಿಯಲ್ಲಿ ತನ್ನ ವೈವಿಧ್ಯ ಕಾರ್ಯಕ್ರಮಗಳನ್ನು ಕೈಬಿಟ್ಟಿತು.

ಸ್ಥಳೀಯರ ಉದ್ಯೋಗದ ಆತಂಕವನ್ನು ಅಲ್ಲಗಳೆಯಲಾಗದು. 1960ರ ದಶಕದ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗೂ ಅದೇ. ಆದರೆ ಖರ್ಚನ್ನಷ್ಟೇ ಬರೆದು ಜಮೆಯನ್ನು ಮರೆತರೆ ಲೆಕ್ಕ ತಾಳೆಯಾಗದು: ಬಂದವನು ದುಡಿಯುತ್ತಾನೆ, ತೆರಿಗೆಯನ್ನೂ ತೆರುತ್ತಾನೆ.

ಬಾಂಧವರೇ, ವೀಸಾವನ್ನು ನಂಬಿ ಊರಿನ ಮನೆಯನ್ನು ಅಡವಿಡದಿರಿ. ಸಾಲದ ಕಂತನ್ನು ಇಲ್ಲಿಯ ಸಂಬಳದಲ್ಲೇ ಎಣಿಸಿ ನೋಡಿ.