ಕೇಸು ಹಾಕಿದ್ರೆ ಏನ್ ಹೋಗುತ್ತೆ?

‘ಇನ್ನೊಂದು ಸಲ ಹಾಕೋಣ ಕಣೋ. ಗೆದ್ರೆ ಗೆದ್ವಿ, ಸೋತ್ರೆ ಏನ್ ಹೋಗುತ್ತೆ?’

ಮಾನಸಗಂಗೋತ್ರಿಯಲ್ಲಿ ಚಹಾ ಕುಡಿಯುತ್ತಾ ಗೆಳೆಯ ಹೀಗೆಂದಾಗ ನನಗೆ ಅಪ್ಪನ ಬಟ್ಟೆ ಚೀಲ ನೆನಪಾಯಿತು. ನೇಮಕಾತಿ ಪಟ್ಟಿಯಲ್ಲಿ ಹೆಸರು ಬಾರದ್ದಕ್ಕೆ ಅವನು ಹಾಕಿದ್ದ ಅರ್ಜಿ ಆಗಲೇ ವಜಾ ಆಗಿತ್ತು. ಅದನ್ನೇ ಹೊಸದಾಗಿ ಬರೆಸಿ ಮತ್ತೆ ಹಾಕುವುದು ಅವನ ಯೋಚನೆ.

ನಮ್ಮ ಮನೆ ಕೃಷ್ಣಮೂರ್ತಿಪುರಂನಲ್ಲಿದೆ. ಅದರಲ್ಲಿ ತಮಗೂ ಪಾಲಿದೆ ಎಂದು ಸಂಬಂಧಿಕರೊಬ್ಬರು ದಾವೆ ಹೂಡಿದರು. ಸೋತರು. ಅದೇ ಮಾತನ್ನು ಬೇರೆ ರೀತಿ ಬರೆಸಿ ಮತ್ತೆ ಹೂಡಿದರು. ವಾಯಿದೆ ಬಂದಾಗಲೆಲ್ಲ ಅಪ್ಪ ಅಂಗಡಿಗೆ ಬೀಗ ಹಾಕಿ, ಕಾಗದಪತ್ರದ ಚೀಲ ಹಿಡಿದು ಕೋರ್ಟಿಗೆ ನಡೆಯುತ್ತಿದ್ದರು. ಮನೆ ಅಡವಿಟ್ಟು ಅಕ್ಕನ ನರ್ಸಿಂಗ್ ಓದಿಗೆ ಸಾಲ ಕೇಳಿದರೆ, ವ್ಯಾಜ್ಯದ ಆಸ್ತಿ ಬೇಡವೆಂದರು ಬ್ಯಾಂಕಿನವರು. ಅಕ್ಕ ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದಳು. ಎರಡನೇ ದಾವೆಯೂ ವಜಾ ಆಯಿತು. ಅಕ್ಕನ ಓದು ಮಾತ್ರ ವಾಪಸು ಬರಲಿಲ್ಲ.

ನಾನು ಕಾನೂನು ಓದಲು ಸೇರಿದ್ದು ಆ ಸಿಟ್ಟಿಗೇ. ಒಮ್ಮೆ ತೀರ್ಮಾನವಾದ ವಿಷಯವನ್ನು ಅದೇ ಪಕ್ಷಗಾರರು ಮತ್ತೆ ಎತ್ತುವಂತಿಲ್ಲ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಂ. ಸುಳ್ಳು ದಾವೆ ಹೂಡಿದವರಿಂದ ಎದುರಾಳಿಗೆ ಪರಿಹಾರ ಕೊಡಿಸಲು ಕಲಂ 35ಎ ಇದೆ. ಆದರೆ ಸಾಮಾನ್ಯ ದಾವೆಗಳಲ್ಲಿ ಆ ಪರಿಹಾರದ ಮಿತಿ 3,000 ರೂಪಾಯಿ! 1976ರ ತಿದ್ದುಪಡಿಯಲ್ಲಿ ನಿಗದಿಯಾದ ಮೊತ್ತವದು. ವಾಣಿಜ್ಯ ವ್ಯಾಜ್ಯಗಳಿಗೆ ಮಾತ್ರ 2015ರಲ್ಲಿ ಈ ಮಿತಿ ತೆಗೆದರು.

1977ರಲ್ಲಿ ಬೆಂಗಳೂರಿನ ಬಾಡಿಗೆ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹೈಕೋರ್ಟಿನಲ್ಲೂ ಸೋತು, ಜಾಗ ಖಾಲಿ ಮಾಡಲು ಕಾಲಾವಕಾಶ ಪಡೆದವರ ಮಗ ಮತ್ತೆ ಮುನ್ಸಿಫ್ ಕೋರ್ಟಿನಲ್ಲಿ ದಾವೆ ಹೂಡಿದ್ದ. ಇಂಥವನ್ನು ಮೊದಲ ವಿಚಾರಣೆಯಲ್ಲೇ ಚಿವುಟಿಹಾಕಬೇಕೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕೆಳ ನ್ಯಾಯಾಲಯಗಳಿಗೆ ಹೇಳಿದರು. ವಕೀಲರನ್ನೂ ಎಚ್ಚರಿಸಿದರು. 2017ರಲ್ಲಿ, 64 ಅರ್ಜಿ ಹಾಕಿ ಒಂದರಲ್ಲೂ ಗೆಲ್ಲದ ಟ್ರಸ್ಟ್ ಒಂದಕ್ಕೆ ಸುಪ್ರೀಂ ಕೋರ್ಟ್ 25 ಲಕ್ಷ ರೂಪಾಯಿ ದಂಡ ಹಾಕಿತು.

ಹಾಗಂತ ಸೋಲುವುದು ತಪ್ಪಲ್ಲ. ಅನ್ಯಾಯವಾದವನಿಗೆ ಕೋರ್ಟಿನ ಬಾಗಿಲು ತೆರೆದೇ ಇರಬೇಕು. ಅದಕ್ಕೇ ಗೆಳೆಯನನ್ನು ಕೇಳಿದೆ: ‘ಹೊಸ ದಾಖಲೆ ಏನಾದ್ರೂ ಸಿಕ್ಕಿದೆಯಾ? ಸಿಕ್ಕಿದ್ರೆ ಅರ್ಜಿ ನಾನೇ ಟೈಪ್ ಮಾಡಿಕೊಡ್ತೀನಿ.’

‘ಇಲ್ಲ. ಸ್ಟೇ ಸಿಕ್ಕಿದ್ರೂ ಸಾಕು’ ಎಂದ.

‘ಪಟ್ಟಿಯಲ್ಲಿ ಹೆಸರಿರೋರು ನೇಮಕಾತಿ ಪತ್ರಕ್ಕೆ ಕಾಯ್ತಾ ಇದಾರೆ. ಅವರ ಮನೆಯಲ್ಲೂ ಅಕ್ಕಂದಿರು ಇರ್ತಾರೆ ಕಣೋ’ ಎಂದೆ.

ಅವನು ಉತ್ತರಿಸಲಿಲ್ಲ. ಚಹಾದ ದುಡ್ಡು ಮಾತ್ರ ಅವನೇ ಕೊಟ್ಟ.